ಲಿಂಡ್‌ಹೋಮ್ ಗುಡ್ಡ ಮತ್ತು ಅಮ್ಮನ ಮೂಗುಬೊಟ್ಟು

ಈ ವಯಸ್ಸಿನವರೆಗೂ ನಾನು ಸ್ಮಶಾನದ ಒಳಗೆ ಕಾಲಿಟ್ಟವಳಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಬೀದಿ ತಿರುವಿನವರೆಗೆ ಹೋಗಿ ನಿಂತುಬಿಡುತ್ತೇವೆ. ಅಲ್ಲಿಂದ ಮುಂದೆ ಗಂಡಸರು. ಅಜ್ಜಿ ಹೋದಾಗಲೂ ಹಾಗೇ, ಅಮ್ಮ ಹೋದಾಗಲೂ ಹಾಗೇ. ಹೆಣ ಸುಟ್ಟ ಜಾಗದಲ್ಲಿ ನಾನು ಮೊದಲ ಸಲ ನಡೆದಾಡಿದ್ದು ಡೆನ್ಮಾರ್ಕಿನಲ್ಲಿ. ಅದೂ ಸಾವಿರ ವರ್ಷಕ್ಕೂ ಹಿಂದೆ ಬೆಂಕಿ ಆರಿದ ಜಾಗದಲ್ಲಿ.

ಮಗಳು ಆಲ್ಬೋರ್ಗ್ ಊರಿಗೆ ಓದೋಕೆ ಹೋದವಳು ಅಲ್ಲೇ ಕೆಲಸಕ್ಕೆ ಸೇರಿದಳು. ಹೋದ ವರ್ಷ ಮೇ ತಿಂಗಳಲ್ಲಿ ನನ್ನನ್ನು ಕರೆಸಿಕೊಂಡಳು. ಅಲ್ಲಿ ಆ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕು ಹೋಗುವುದಿಲ್ಲ. ಅಡುಗೆ ಮುಗಿಸಿ, ಊಟ ಮಾಡಿ, ಪಾತ್ರೆ ತೊಳೆದಿಟ್ಟರೂ ಹೊರಗೆ ಇನ್ನೂ ನಮ್ಮ ಸಂಜೆ ಐದರ ಬಿಸಿಲು. ಮನೆಯೊಳಗೆ ಕೂತಿರಲು ಮನಸ್ಸಾಗುತ್ತಿರಲಿಲ್ಲ. ಒಂದು ಶನಿವಾರ ಅವಳು, "ಅಮ್ಮ, ಬಾ, ಒಂದು ಗುಡ್ಡ ತೋರಿಸ್ತೀನಿ. ವೈಕಿಂಗ್‌ಗಳ ಸಮಾಧಿ ಇದೆ" ಅಂದಳು. ವೈಕಿಂಗ್ ಅಂದರೆ ಸಾವಿರ ವರ್ಷದ ಹಿಂದೆ ಹಡಗೇರಿ ದೂರ ದೂರ ಹೋಗುತ್ತಿದ್ದ ಈ ಉತ್ತರದ ಕಡೆಯ ಜನ.

ಆಲ್ಬೋರ್ಗ್ ಊರನ್ನು ಲಿಮ್‌ಫ್ಯೋರ್ಡ್ ಅನ್ನುವ ನೀರಿನ ದಾರಿ ಎರಡಾಗಿ ಸೀಳಿದೆ. ನೋಡಲು ನದಿಯಂತೆ ಕಾಣುತ್ತದೆ, ಆದರೆ ಅದು ಸಮುದ್ರದ ನೀರು. ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೂ ನೆಲವನ್ನು ಹಾಯ್ದು ಹೋಗುತ್ತದೆ. ಆಲ್ಬೋರ್ಗ್ ಇರುವಲ್ಲಿ ಅದು ಕಿರಿದಾಗುತ್ತದೆ, ದಾಟಲು ಸುಲಭ. ಹಳೆಯ ಕಾಲದವರು ಇಲ್ಲೇ ಊರು ಕಟ್ಟಿದ್ದಕ್ಕೆ ಕಾರಣ ಅದೇ. ಬಸ್ಸು ಸೇತುವೆ ದಾಟಿ ಉತ್ತರದ ದಡದ ನೋರೆಸುಂಡ್ಬಿಗೆ ಹೋಗುತ್ತದೆ. ಅಲ್ಲಿಂದ ಏರು. ಗುಡ್ಡ ಅಂದರೆ ನಮ್ಮ ಕಡೆಯ ಗುಡ್ಡದಂತಲ್ಲ. ಸಮುದ್ರ ಮಟ್ಟದಿಂದ 42 ಮೀಟರ್ ಎತ್ತರ ಅಷ್ಟೇ, ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದು ಏನೂ ಅಲ್ಲ. ಆದರೆ ಆ ದೇಶವೇ ಚಪ್ಪಟೆ. ಅಷ್ಟು ಎತ್ತರಕ್ಕೇ ಊರು, ನೀರು, ಆಚೆಯ ದಡ, ಎಲ್ಲಾ ಕಾಲ ಕೆಳಗೆ ಕಾಣುತ್ತದೆ. ಊರಿನ ಹೆಸರು ಲಿಂಡ್‌ಹೋಮ್, ಜಾಗದ ಹೆಸರು ಲಿಂಡ್‌ಹೋಮ್ ಹೋಯೆ. ಹೋಯೆ ಅಂದರೆ ದಿಬ್ಬಗಳು.

ಟಿಕೆಟ್ ಇಲ್ಲ, ಕಾವಲಿನವರಿಲ್ಲ. ಒಂದು ಗೇಟು ತೆಗೆದು ಒಳಗೆ ಹೋದೆವು. ಕುರಿಗಳು ಒಳಗಿದ್ದುದರಿಂದ ಹಾಕಿದ ಗೇಟು ಅದು. ಹುಲ್ಲು ಮೇಯುತ್ತಿದ್ದ ಕುರಿಗಳ ನಡುವೆ ಕಲ್ಲುಗಳು. ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ಮೊಣಕಾಲೆತ್ತರದ ಕಲ್ಲು, ಸೊಂಟದೆತ್ತರದ ಕಲ್ಲು, ನೂರಾರು, ಯಾರೋ ಚೆಲ್ಲಿ ಹೋದ ಹಾಗೆ. ಸ್ವಲ್ಪ ಮೇಲೆ ಹೋಗಿ ತಿರುಗಿ ನೋಡಿದಾಗ ಮಾತ್ರ ಆಕಾರಗಳು ಎದ್ದು ಬಂದವು. ಕೆಲವು ದುಂಡಗೆ. ಕೆಲವು ಮೊಟ್ಟೆಯ ಆಕಾರ. ಕೆಲವು ಮುಕ್ಕೋನ. ಇನ್ನು ಕೆಲವು ದೋಣಿ. ಎರಡು ತುದಿಗಳಲ್ಲಿ ಎತ್ತರದ ಕಲ್ಲು, ನಡುವೆ ಹೊಟ್ಟೆ ಅಗಲವಾಗಿ, ನಿಜವಾದ ದೋಣಿಯನ್ನು ನೆಲದ ಮೇಲಿಟ್ಟು ಸುತ್ತ ಗೆರೆ ಎಳೆದ ಹಾಗೆ. ಎಲ್ಲವೂ ಆ ನೀರಿನ ಕಡೆಯ ಇಳಿಜಾರಿನಲ್ಲಿ.

ಸುಮಾರು 700 ಸಮಾಧಿಗಳಿವೆ ಇಲ್ಲಿ. ಅದರಲ್ಲಿ ದೋಣಿ ಆಕಾರದವೇ 150ರ ಹತ್ತಿರ. ತೀರಾ ಹಳೆಯವು ಗುಡ್ಡದ ನೆತ್ತಿಯಲ್ಲಿವೆ, ಕ್ರಿ.ಶ. 5ನೇ ಶತಮಾನದವು. ಅವು ಸಣ್ಣ ಮಣ್ಣಿನ ದಿಬ್ಬಗಳು. ತಲೆಮಾರುಗಳು ಕಳೆದಂತೆ ಸಮಾಧಿಗಳು ಕೆಳಕ್ಕೆ ಇಳಿಯುತ್ತಾ ಬಂದವು. 1000ನೇ ಇಸವಿಯ ಹೊತ್ತಿಗೆ ನಿಂತವು. ಅಂದರೆ ಅರ್ಧ ಸಾವಿರ ವರ್ಷಕ್ಕೂ ಜಾಸ್ತಿ ಒಂದೇ ಊರಿನ ಜನ ತಮ್ಮವರನ್ನು ಇದೇ ಇಳಿಜಾರಿಗೆ ಹೊತ್ತು ತಂದಿದ್ದಾರೆ. ವೈಕಿಂಗ್ ಅಂದ ಕೂಡಲೇ ಕತ್ತಿ, ಕೊಡಲಿ, ಲೂಟಿ ಕಣ್ಣಿಗೆ ಬರುತ್ತದೆ. ಇಲ್ಲಿ ಮಲಗಿರುವವರಲ್ಲಿ ಹೆಚ್ಚಿನವರು ಉಳುವವರು, ಕುರಿ ದನ ಸಾಕುವವರು, ಮಕ್ಕಳನ್ನು ಹೆತ್ತವರು.

"ಮಲಗಿರುವವರು" ಅಂದದ್ದು ಸರಿಯಲ್ಲ. ಅವರನ್ನು ಹೂತಿಲ್ಲ. ಕೆಲವರನ್ನು ಬಿಟ್ಟರೆ ಉಳಿದವರನ್ನೆಲ್ಲ ಸುಟ್ಟಿದ್ದಾರೆ. ಇದನ್ನು ಮಗಳು ಫಲಕ ನೋಡಿ ಓದಿ ಹೇಳಿದಾಗ ನಾನು ನಿಂತುಬಿಟ್ಟೆ. ಯೂರೋಪಿನವರು ಅಂದರೆ ಹೂಳುವವರು ಅಂತಲೇ ನನ್ನ ತಲೆಯಲ್ಲಿದ್ದದ್ದು. ಕ್ರೈಸ್ತ ಧರ್ಮ ಬರುವ ಮೊದಲು ಈ ಕಡೆಯವರು ಸೌದೆ ಒಟ್ಟಿ, ಹೆಣವನ್ನು ಮೇಲಿಟ್ಟು, ನಮ್ಮ ಹಾಗೇ ಬೆಂಕಿ ಕೊಡುತ್ತಿದ್ದರು.

ಆಮೇಲಿನದು ಮಾತ್ರ ನಮ್ಮ ಹಾಗಲ್ಲ. ಬೂದಿಯನ್ನು ಅವರು ಎಲ್ಲೂ ಒಯ್ಯಲಿಲ್ಲ. ಸುಟ್ಟಲ್ಲೇ ಬಿಟ್ಟರು. ಇದ್ದಿಲು, ಬೂದಿ, ಮೂಳೆ ಚೂರು ಎಲ್ಲದರ ಮೇಲೆ ತೆಳುವಾಗಿ ಮಣ್ಣು ಹರಡಿದರು. ಸುತ್ತ ಕಲ್ಲು ನಿಲ್ಲಿಸಿದರು. ಅಷ್ಟೇ.

ಅಮ್ಮ ಹೋದ ಮೂರನೇ ದಿನ, ಹಾಲುತುಪ್ಪದ ದಿನ, ತಮ್ಮ ಕುಡಿಕೆಯಲ್ಲಿ ಮೂಳೆ ಆರಿಸಿಕೊಂಡು ಬಂದ. ಬಿಳಿ ಬಟ್ಟೆ ಕಟ್ಟಿದ ಕುಡಿಕೆ. ಅದು ಮನೆಯ ಹೊಸಿಲೊಳಗೆ ಬರುವ ಹಾಗಿಲ್ಲ. ಗೇಟಿನ ಹೊರಗೆ ಕಾರಿನಲ್ಲೇ ಇತ್ತು. ನಾನು ಕಿಟಕಿಯಿಂದ ನೋಡಿದೆ. ಹಾಗೇ ಶ್ರೀರಂಗಪಟ್ಟಣಕ್ಕೆ ಹೋದರು, ಪಶ್ಚಿಮವಾಹಿನಿಯಲ್ಲಿ ಬಿಟ್ಟು ಸ್ನಾನ ಮಾಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗಿದಿತ್ತು. ಹರಿಯುವ ನೀರಿಗೆ ಸೇರಿದರೆ ಸದ್ಗತಿ ಅಂತ ಅಮ್ಮನೇ ನಂಬಿದ್ದಳು, ಅವಳ ಆಸೆಯೂ ಅದೇ. ನನಗೂ ಅದರ ಬಗ್ಗೆ ತಕರಾರಿಲ್ಲ. ಆದರೆ ಆಮೇಲೆ ಎಷ್ಟೋ ಸಲ, ಸುಮ್ನೆ ಎಲ್ಲಾದರೂ ಹೋಗಿ ಅವಳ ಹತ್ತಿರ ಕೂತು ಬರೋಣ ಅನ್ನಿಸಿದಾಗ, ಎಲ್ಲಿಗೆ ಹೋಗೋದು? ಕಾವೇರಿ ಅಂದಿನಿಂದ ಎಷ್ಟು ಮಳೆಗಾಲ ಹರಿದಿದೆ.

ಗುಡ್ಡದ ಒಂದು ಪಕ್ಕಕ್ಕೆ ಮ್ಯೂಸಿಯಂ ಇದೆ, 1992ರಲ್ಲಿ ತೆರೆದದ್ದು. ಗಾಳಿ ತಡೆಯಲಾರದೆ ಒಳಗೆ ಹೋದೆವು. ಜೂಟ್‌ಲ್ಯಾಂಡ್, ಅಂದರೆ ಡೆನ್ಮಾರ್ಕಿನ ಆ ಭಾಗದ ಗಾಳಿಯನ್ನು ಹೇಗೆ ಹೇಳಲಿ, ಸೀರೆ ಉಟ್ಟು ಹೋಗಿದ್ದರೆ ಹಾರಿಯೇ ಹೋಗುತ್ತಿದ್ದೆ. ಒಳಗೆ ಅಗೆತದಲ್ಲಿ ಸಿಕ್ಕಿದ ವಸ್ತುಗಳು. ಚಾಕು, ಗಾಜು, ಆಟದ ಕಾಯಿಗಳು, ಬಟ್ಟೆಗೆ ಚುಚ್ಚುವ ಪಿನ್ನುಗಳು. ದೂರದ ಅರಬ್ ನಾಡಿನ ನಾಣ್ಯಗಳೂ ಇಲ್ಲಿ ಸಿಕ್ಕಿವೆ, ಈ ರೈತರ ಊರಿಗೂ ವ್ಯಾಪಾರದ ನಂಟು ಇತ್ತು. ನಾನು ಜಾಸ್ತಿ ಹೊತ್ತು ನಿಂತದ್ದು ಮಣಿಗಳ ಮುಂದೆ.

ಆ ಕಾಲದ ಹೆಂಗಸರು ಎರಡು ಭುಜದ ಹತ್ತಿರ ಎರಡು ದೊಡ್ಡ ಪಿನ್ನು ಚುಚ್ಚಿ, ಅವುಗಳ ನಡುವೆ ಎದೆಯ ಮೇಲೆ ಮಣಿಸರ ತೂಗಿಬಿಡುತ್ತಿದ್ದರು. ಸತ್ತಾಗ ಅದನ್ನು ತೆಗೆಯುತ್ತಿರಲಿಲ್ಲ. ಉಟ್ಟ ಬಟ್ಟೆ, ತೊಟ್ಟ ಸರ, ಕೈಯಲ್ಲಾಡಿದ ಚಾಕು, ಕೆಲವೊಮ್ಮೆ ಸಾಕಿದ ನಾಯಿ, ಎಲ್ಲವೂ ಚಿತೆಗೇ. ಬೆಂಕಿಯಲ್ಲಿ ಗಾಜಿನ ಮಣಿ ಕರಗುತ್ತದೆ. ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಕರಗಿ ಒಂದಾದ ಮಣಿಗಳು ಬೂದಿಯಲ್ಲಿ ಉಳಿದು ಅಗೆಯುವವರ ಕೈಗೆ ಸಿಗುತ್ತವೆ.

ಅಮ್ಮನಿಗೆ ಸ್ನಾನ ಮಾಡಿಸಿದ್ದು ನಾನು ಮತ್ತು ಚಿಕ್ಕಮ್ಮ. ಮುತ್ತೈದೆ ಸಾವು ಅಂತ ಅರಿಸಿನ, ಕುಂಕುಮ, ತಲೆತುಂಬ ಹೂವು. ಹೊಸ ಸೀರೆ. ಆದರೆ ಚಿನ್ನ ಎಲ್ಲಾ ತೆಗೆಯಬೇಕು. ಬಳೆ ಬಂತು, ಓಲೆ ಬಂತು. ಮೂಗುಬೊಟ್ಟು ಬರಲೇ ಇಲ್ಲ. ಹದಿಮೂರನೇ ವಯಸ್ಸಿಗೆ ಹಾಕಿದ್ದಂತೆ, ಅಲ್ಲಿಂದ ಒಮ್ಮೆಯೂ ತೆಗೆದಿರಲಿಲ್ಲ. ತಿರುಪು ಮಾಂಸಕ್ಕೇ ಕೂತುಬಿಟ್ಟಿತ್ತು. ಹೊರಗೆ ಗಂಡಸರು "ಹೊತ್ತಾಯ್ತು, ಹೊತ್ತಾಯ್ತು" ಅಂತ ಕೂಗುತ್ತಿದ್ದರು. ನಾನು ಕೊಬ್ಬರಿ ಎಣ್ಣೆ ಹಚ್ಚಿ, ತಿರುಗಿಸಿ, ತಿರುಗಿಸಿ, ಅಳುತ್ತಾ ತೆಗೆದೆ. ಮೂಗಿನ ಮೇಲೆ ಒಂದು ಸಣ್ಣ ತೂತು ಮಾತ್ರ ಉಳಿಯಿತು. ಅದು ನೋಡಿ ಇವಳು ನನ್ನ ಅಮ್ಮನೇ ಅಲ್ಲ ಅನ್ನಿಸಿತು. ಈಗ ಆ ಮೂಗುಬೊಟ್ಟು ನನ್ನ ಬೀರುವಿನಲ್ಲಿದೆ. ಹಾಕಿಕೊಳ್ಳಲು ಮನಸ್ಸಿಲ್ಲ, ಯಾರಿಗೂ ಕೊಡಲು ಆಗುವುದಿಲ್ಲ.

ಆ ಮಣಿಗಳ ಮುಂದೆ ನಿಂತು ನನಗೆ ಬಂದ ಯೋಚನೆ ಇದೊಂದೇ. ಇವರು ತಮ್ಮ ಅಮ್ಮನ ಮೈಮೇಲಿಂದ ಏನನ್ನೂ ಬಿಚ್ಚಲಿಲ್ಲ. ಹಾಗೇ ಕಳಿಸಿದರು.

ಹಾಗಂತ ಅವರ ಸಾವಿನ ಪದ್ಧತಿಯೆಲ್ಲ ಚೆಂದ ಅಂತ ಹೇಳಲು ನಾನು ತಯಾರಿಲ್ಲ. ಕ್ರಿ.ಶ. 922ರಲ್ಲಿ ಇಬ್ನ್ ಫದ್ಲಾನ್ ಎಂಬ ಅರಬ್ ರಾಯಭಾರಿ ವೋಲ್ಗಾ ನದಿಯ ದಡದಲ್ಲಿ ಈ ಉತ್ತರದ ಕಡೆಯಿಂದ ಬಂದ ವ್ಯಾಪಾರಿಗಳನ್ನು ಕಂಡ. ಅವರ ಒಬ್ಬ ಮುಖಂಡನನ್ನು ಹಡಗಿನಲ್ಲಿಟ್ಟು ಸುಟ್ಟಿದ್ದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಅಲ್ಲಿ ಒಬ್ಬ ಗುಲಾಮ ಹುಡುಗಿಯನ್ನೂ ಕೊಂದು ಜೊತೆಗೆ ಸುಟ್ಟರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ನೆಲದಲ್ಲೂ ಮಾಸ್ತಿಕಲ್ಲುಗಳು ನಿಂತಿವೆ, ಚಿತೆ ಏರಿದ ಹೆಂಗಸರ ನೆನಪಿಗೆ, ಹಾಗಾಗಿ ದೂರದವರ ಕತೆ ಅಂತ ಪಕ್ಕಕ್ಕಿಡಲು ಆಗಲಿಲ್ಲ. ಅದೇ ಬರಹದಲ್ಲಿ ಇನ್ನೊಂದು ಮಾತು ಬರುತ್ತದೆ. ಗುಂಪಿನವನೊಬ್ಬ ದುಭಾಷಿಯ ಮೂಲಕ ಇಬ್ನ್ ಫದ್ಲಾನನಿಗೆ ಹೇಳುತ್ತಾನೆ: ನೀವು ಅರಬರು ದಡ್ಡರು, ಪ್ರೀತಿಸಿದವರನ್ನು ಮಣ್ಣಿಗೆ ಹಾಕಿ ಹುಳಕ್ಕೆ ಬಿಡುತ್ತೀರಿ, ನಾವು ಒಂದೇ ಗಳಿಗೆಯಲ್ಲಿ ಸುಟ್ಟು ಸ್ವರ್ಗಕ್ಕೆ ಕಳಿಸುತ್ತೇವೆ, ಅಂತ. ಇದೇ ಮಾತನ್ನು ನಮ್ಮ ಊರಿನ ಹಿರಿಯರು ಜಗಲಿಯಲ್ಲಿ ಕೂತು ಆಡಿದ್ದನ್ನು ನಾನು ಕೇಳಿದ್ದೇನೆ.

ಮತ್ತೆ ಹೊರಗೆ ಬಂದೆವು. ಮೊಟ್ಟೆ ಆಕಾರದವು, ದುಂಡಗಿನವು ಹೆಚ್ಚಾಗಿ ಹೆಂಗಸರದು. ಮುಕ್ಕೋನ ಮತ್ತು ದೋಣಿ ಹೆಚ್ಚಾಗಿ ಗಂಡಸರದು. ಅದನ್ನು ತಿಳಿದ ಮೇಲೆ ನಾನು ಮೊಟ್ಟೆ ಆಕಾರದವನ್ನೇ ಹುಡುಕಿ ಹುಡುಕಿ ನೋಡಿದೆ. ಒಂದರ ಹತ್ತಿರ ಕೂತೆ, ಕಲ್ಲಿನ ಗೆರೆಯ ಹೊರಗೆ. ಕಲ್ಲು ಮುಟ್ಟಿದರೆ ಬಿಸಿಲಿಗೆ ಬೆಚ್ಚಗಿತ್ತು. ಮೇಲೆ ಕಲ್ಲುಹೂವು ಹಳದಿ ಬೂದು ಬಣ್ಣಕ್ಕೆ ಹಬ್ಬಿತ್ತು. ಈ ಕಲ್ಲುಗಳು ಅಲ್ಲಿನ ನೆಲದ್ದಲ್ಲ. ಆಲ್ಬೋರ್ಗ್ ಸುತ್ತಲಿನ ನೆಲದ ಅಡಿಯಲ್ಲಿರುವುದು ಸೀಮೆಸುಣ್ಣದಂಥ ಮೆತ್ತನೆಯ ಸುಣ್ಣದ ಕಲ್ಲು, ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನೆ. ಗಟ್ಟಿ ಕಲ್ಲನ್ನು ಹಿಮಯುಗದ ಹಿಮನದಿಗಳು ನಾರ್ವೆ, ಸ್ವೀಡನ್ ಕಡೆಯಿಂದ ತಳ್ಳಿಕೊಂಡು ತಂದು ಇಲ್ಲಿ ಬಿಟ್ಟು ಕರಗಿದವು. ನಮ್ಮ ಕಡೆ ನೆಲ ಎಂದರೇ ಕಲ್ಲು. ಅಲ್ಲಿನ ರೈತರಿಗೆ ಹೊಲದಲ್ಲಿ ಸಿಕ್ಕಿದ ಪ್ರತಿ ಬಂಡೆಯೂ ದೂರದಿಂದ ಬಂದ ನೆಂಟ.

ಹೀಗಾಗಿಯೇ ಇರಬೇಕು, ಕಲ್ಲು ಸುಲಭಕ್ಕೆ ಸಿಗದ ಆ ಜನ ಇನ್ನೊಂದು ಕೆಲಸ ಮಾಡಿದ್ದಾರೆ. ಎಷ್ಟೋ ದೋಣಿಗಳಲ್ಲಿ ಕಲ್ಲುಗಳು ಇಲ್ಲ. ಅರ್ಧ ದೋಣಿ, ಬರೀ ಮೂತಿ, ಬರೀ ಒಂದು ಪಕ್ಕ. ನಾನು ಯಾರೋ ಮನೆ ಕಟ್ಟಲು ಕದ್ದಿದ್ದಾರೆ ಅಂದುಕೊಂಡೆ. ಹಾಗಲ್ಲ, ಹೊಸ ಸಮಾಧಿಗೆ ಹಳೆಯ ಸಮಾಧಿಯ ಕಲ್ಲನ್ನೇ ಎತ್ತಿಕೊಂಡಿದ್ದಾರೆ. ಮುತ್ತಜ್ಜನ ಕಲ್ಲು ಮೊಮ್ಮಗನಿಗೆ. ಮೊದಲು ನನಗೆ ಕೋಪವೇ ಬಂತು. ಇಷ್ಟು ಮಾಡಿ ನಿಲ್ಲಿಸಿದ್ದನ್ನು ಅವರ ಮಕ್ಕಳೇ ಕಿತ್ತುಕೊಳ್ಳುವುದಾ? ಆಮೇಲೆ ನನ್ನ ಅಡುಗೆಮನೆಯ ಒರಳು ನೆನಪಾಯಿತು. ಅಜ್ಜಿಯದು, ಅಮ್ಮನದಾಗಿ, ಈಗ ನನ್ನದು. ಅದನ್ನು ನಾನು ಕಿತ್ತುಕೊಂಡೆ ಅಂತ ಯಾರೂ ಹೇಳುವುದಿಲ್ಲ. ಮೂರು ನಾಲ್ಕು ತಲೆಮಾರು ಕಳೆದ ಮೇಲೆ ಯಾರ ಕಲ್ಲು ಯಾರದು ಅಂತ ಊರಿನವರಿಗೂ ಗೊತ್ತಿರಲಿಕ್ಕಿಲ್ಲ, ಅಲ್ವಾ? ಅವರ ಸಾಲಿನಲ್ಲಿ ಹೊಸಬರು ಸೇರುತ್ತಿದ್ದರು, ಅಷ್ಟೇ.

ಹೆಸರು ಎಲ್ಲೂ ಇಲ್ಲ. 700 ಸಮಾಧಿಗಳ ಜಾಗದಲ್ಲಿ ಒಂದು ಅಕ್ಷರ ಕೆತ್ತಿದ್ದನ್ನು ನಾನು ನೋಡಲಿಲ್ಲ.

ಹೆಸರಿರುವ ಜಾಗಕ್ಕೂ ಮಗಳು ಕರೆದುಕೊಂಡು ಹೋದಳು, ಎರಡು ವಾರ ಬಿಟ್ಟು. ದಕ್ಷಿಣಕ್ಕೆ ಯೆಲಿಂಗ್ ಎಂಬ ಸಣ್ಣ ಊರು. ಅಲ್ಲಿ ಎರಡು ದೊಡ್ಡ ದಿಬ್ಬಗಳು, ನಡುವೆ ಒಂದು ಬಿಳಿಯ ಚರ್ಚು, ಚರ್ಚಿನ ಮುಂದೆ ಗಾಜಿನ ಗೂಡಿನಲ್ಲಿ ಎರಡು ಕಲ್ಲು. ಯುನೆಸ್ಕೋ 1994ರಲ್ಲೇ ಅದನ್ನು ಜಗತ್ತಿನ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿದೆ. ಸಣ್ಣ ಕಲ್ಲನ್ನು ಗೋರ್ಮ್ ಎಂಬ ರಾಜ ತನ್ನ ಹೆಂಡತಿ ಥೀರಾಳ ನೆನಪಿಗೆ ನಿಲ್ಲಿಸಿದ್ದು. ಉತ್ತರದವರ ಹಳೆಯ ರೂನ್ ಲಿಪಿಯಲ್ಲಿ ಅವಳನ್ನು ಡೆನ್ಮಾರ್ಕಿನ ಅಲಂಕಾರ ಅಂತ ಕರೆದಿದ್ದಾನೆ. ಡೆನ್ಮಾರ್ಕ್ ಅನ್ನುವ ಹೆಸರು ಆ ದೇಶದೊಳಗೆ ಬರೆದು ಸಿಕ್ಕಿದ್ದು ಅದೇ ಮೊದಲು. ದೇಶದ ಹೆಸರು ಒಬ್ಬ ಹೆಂಗಸಿನ ನೆನಪಿನ ಕಲ್ಲಿನಲ್ಲಿ! ದೊಡ್ಡ ಕಲ್ಲು ಅವರ ಮಗ ಹರಾಲ್ಡನದು, ಅಪ್ಪ ಅಮ್ಮ ಇಬ್ಬರ ನೆನಪಿಗೆ. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನು ಅಂತಲೂ ಬರೆಸಿದ್ದಾನೆ. ನೀಲಿ ಹಲ್ಲಿನ ಹರಾಲ್ಡ್ ಅಂತ ಅವನಿಗೆ ಅಡ್ಡಹೆಸರು. ನಮ್ಮ ಮೊಬೈಲಿನ ಬ್ಲೂಟೂತ್‌ಗೆ ಹೆಸರು ಬಂದದ್ದು ಅವನಿಂದಲೇ, ಅದರ ಚಿಹ್ನೆ ಕೂಡ ಅವನ ಹೆಸರಿನ ಎರಡು ರೂನ್ ಅಕ್ಷರ.

ಇಷ್ಟೆಲ್ಲ ಇದ್ದೂ ದಿಬ್ಬಗಳ ಒಳಗೆ ಯಾರೂ ಇಲ್ಲ. ಉತ್ತರದ ದಿಬ್ಬದಲ್ಲಿ ಮರದ ಕೋಣೆ ಸಿಕ್ಕಿತು. ಆ ಮರ ಕಡಿದದ್ದು 958ರ ಸುಮಾರಿಗೆ ಅಂತ ಮರದ ಉಂಗುರ ಎಣಿಸಿ ಹೇಳಿದ್ದಾರೆ. ಆದರೆ ಹೆಣ ಇರಲಿಲ್ಲ. ದಕ್ಷಿಣದ ದಿಬ್ಬವನ್ನು 1941ರಲ್ಲಿ ಅಗೆದರು, ಅದರಲ್ಲಿ ಸಮಾಧಿಯೇ ಇಲ್ಲ. 1970ರ ದಶಕದಲ್ಲಿ ಚರ್ಚಿನ ನೆಲದ ಕೆಳಗೆ ಒಬ್ಬ ಗಂಡಸಿನ ಮೂಳೆ ಸಿಕ್ಕಿದವು. ಗೋರ್ಮನದ್ದೇ, ಕ್ರೈಸ್ತನಾದ ಮಗ ಅಪ್ಪನನ್ನು ದಿಬ್ಬದಿಂದ ತೆಗೆದು ಚರ್ಚಿನೊಳಗೆ ತಂದಿರಬೇಕು ಅಂತ ಹಲವರು ನಂಬಿದ್ದಾರೆ. ಥೀರಾ ಎಲ್ಲೂ ಸಿಕ್ಕಿಲ್ಲ. ಕಲ್ಲಿನ ಮೇಲೆ ಅಷ್ಟು ಚೆಂದದ ಮಾತು ಪಡೆದ ಹೆಂಗಸು ಎಲ್ಲಿ ಹೋದಳೋ. ಲಿಂಡ್‌ಹೋಮ್ ಗುಡ್ಡದಲ್ಲಿ ಹೆಸರಿಲ್ಲದ ಹೆಂಗಸರು ಮಾತ್ರ ಸುಟ್ಟಲ್ಲೇ ಇದ್ದರು. ಸುಡದ ಮೂಳೆ ಹುಳಿ ಮರಳು ಮಣ್ಣಿನಲ್ಲಿ ಕಾಲ ಕಳೆದಂತೆ ಕರಗಿ ಹೋಗುತ್ತದೆ. ಚೆನ್ನಾಗಿ ಸುಟ್ಟು ಬೆಳ್ಳಗಾದ ಮೂಳೆ ಚೂರು ಕರಗುವುದಿಲ್ಲ. ಬೆಂಕಿಗೆ ಹಾಕಿದ್ದೇ ಉಳಿದಿದೆ.

ಇನ್ನು ಮರಳಿನ ವಿಷಯ ಹೇಳಲೇಬೇಕು. ಮರಳು ಇಲ್ಲದಿದ್ದರೆ ನಾವು ನೋಡಲು ಅಲ್ಲಿ ಏನೂ ಇರುತ್ತಿರಲಿಲ್ಲ. ಮರ ಕಡಿದು ಕಡಿದು ನೆಲ ಬೋಳಾಗಿ, ಪಶ್ಚಿಮದ ಕಡಲ ಕಡೆಯಿಂದ ಗಾಳಿ ಮರಳನ್ನು ಹೊತ್ತು ತರತೊಡಗಿತು. 11ನೇ ಶತಮಾನದ ಹೊತ್ತಿಗೆ ಗುಡ್ಡದ ಮೇಲೆ ಮರಳು ಕೂರುತ್ತಾ ಬಂತು. ಸಮಾಧಿಗಳು ಮುಚ್ಚಿಹೋದವು. ಅದರ ಮೇಲೆ ಒಬ್ಬ ರೈತ ಹೊಲವನ್ನೂ ಮಾಡಿದ. ಒಂದು ದಿನ ಆ ಹೊಲದ ಮೇಲೂ ಮರಳು ಬಿತ್ತು. ಎಷ್ಟು ಬೇಗ ಬಿತ್ತೆಂದರೆ, ಉದ್ದುದ್ದ ಏರುಮಡಿಗಳು, ನಡುವಿನ ಸಾಲುಗಳು, ಗಾಡಿಯ ಚಕ್ರದ ಗುರುತು, ಹಾಗ್ಹಾಗೇ ಉಳಿದಿವೆ. ಆ ರೈತ ಬೆಳಗ್ಗೆ ಎದ್ದು ಬಂದು ತನ್ನ ಹೊಲ ನೋಡಿದ್ದನ್ನು ನಾನು ಯೋಚಿಸುತ್ತೇನೆ. ನಮ್ಮ ಮನೆ ಗದ್ದೆಗೆ ಒಂದು ವರ್ಷ ನಾಲೆ ಒಡೆದು ಮರಳು ನುಗ್ಗಿತ್ತು. ಅಪ್ಪ ಏನೂ ಮಾತಾಡದೆ ಬದುವಿನ ಮೇಲೆ ಕೂತಿದ್ದರು. ಮಧ್ಯಾಹ್ನವಾದರೂ ಊಟಕ್ಕೆ ಬರಲಿಲ್ಲ.

ಮುಚ್ಚಿಹೋದದ್ದರಿಂದ ಆಮೇಲಿನ ಒಂಬೈನೂರು ವರ್ಷ ನೇಗಿಲು ಆ ಕಲ್ಲುಗಳನ್ನು ಮುಟ್ಟಲಿಲ್ಲ. 1889ರಲ್ಲಿ ಒಂದಿಷ್ಟು ಅಗೆದಿದ್ದರು. ದೊಡ್ಡ ಕೆಲಸ ನಡೆದದ್ದು 1952ರಿಂದ 1958ರವರೆಗೆ. ರಾಷ್ಟ್ರೀಯ ಮ್ಯೂಸಿಯಂನ ಥೋರ್ಕಿಲ್ಡ್ ರಾಮ್ಸ್‌ಕೌ ಮತ್ತು ಆಲ್ಬೋರ್ಗಿನ ಮ್ಯೂಸಿಯಂನ ಆಸ್ಕರ್ ಮಾರ್ಸೀನ್ ಮುಂದೆ ನಿಂತು ಮಾಡಿಸಿದರು. ಮರಳನ್ನು ಸರಿಸಿ, ಕಲ್ಲು ಕಲ್ಲನ್ನೂ ಹೊರಗೆ ತಂದರು. ಆರು ವರ್ಷ ಬೂದಿಯ ಕಲೆಗಳನ್ನು ಒಂದೊಂದಾಗಿ ಕೆರೆದು ನೋಡುವುದೆಂದರೆ ಎಂಥಾ ತಾಳ್ಮೆ. ನನಗೆ ಆ ಕೆಲಸಗಾರರ ಬಗ್ಗೆ ಗೌರವ ಹುಟ್ಟಿತು. ಸತ್ತವರ ಮೂಳೆಯನ್ನು ಮೈಲಿಗೆ ಅನ್ನದೆ, ಹೆದರದೆ, ಕೈಯಲ್ಲಿ ಹಿಡಿದು ನೋಡಿದವರು ಅವರು.

ಯೆಲಿಂಗ್‌ನಿಂದ ಬಂದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಮತ್ತೆ ಎರಡು ಸಲ ಗುಡ್ಡಕ್ಕೆ ಹೋದೆ. ದಾರಿ ಗೊತ್ತಾಗಿತ್ತು. ಒಂದು ಸಲ ನಾಲ್ಕೈದು ಮಕ್ಕಳನ್ನು ಅವರ ಟೀಚರ್ ಒಂದು ಕಲ್ಲಿನ ದೋಣಿಯೊಳಗೆ ಕೂರಿಸಿದ್ದರು. ಮಕ್ಕಳು ಹುಟ್ಟು ಹಾಕುವ ಹಾಗೆ ಕೈ ಆಡಿಸುತ್ತಿದ್ದವು, ಏನೋ ಹಾಡುತ್ತಿದ್ದವು. ನಮ್ಮಲ್ಲಾದರೆ "ಅಯ್ಯೋ, ಅಲ್ಲಿಂದ ಏಳ್ರೋ" ಅಂತ ಯಾರಾದರೂ ಓಡಿ ಬರುತ್ತಿದ್ದರು. ನಾನೂ ಅಂದುಕೊಂಡೆ, ಬಾಯಿ ಬಿಡಲಿಲ್ಲ. ಅಲ್ಲೇ ಹತ್ತಿರದ ಏರ್‌ಪೋರ್ಟಿನಿಂದ ಎದ್ದ ವಿಮಾನ ತಲೆಯ ಮೇಲೆ ಹೋಯಿತು. ಕುರಿಗಳು ತಲೆ ಎತ್ತಲೂ ಇಲ್ಲ.

ಅವತ್ತು ನನ್ನ ಮೊಟ್ಟೆ ಆಕಾರದ ಕಲ್ಲುಗಳ ಹತ್ತಿರ ಕೂತೇ ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಅವನು ಅಂಗಡಿಯಲ್ಲಿದ್ದ.

"ಅಮ್ಮನ್ನ ಎಲ್ಲಿ ಸುಟ್ಟಿದ್ದು?" ಅಂದೆ.

"ಇದೇನಕ್ಕ ಈಗ ಕೇಳ್ತೀಯಾ? ಕೆರೆ ಹಿಂದ್ಗಡೆ, ಎಲ್ಲರನ್ನೂ ಸುಡೋ ಕಡೆ."

"ಸುಡೋ ಕಡೆ ಅಂದ್ರೆ ಎಲ್ಲಿ? ಯಾವ ಪಕ್ಕಕ್ಕೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ಶೀಟ್ ಹಾಕಿರ್ಲಿಲ್ಲ. ಹೊಂಗೆ ಮರ ಇದೆ ನೋಡು, ಅದರ ಈಚೆಗೆ. ತಲೆ ದಕ್ಷಿಣಕ್ಕೆ ಇಟ್ಟಿದ್ವಿ. ಮಳೆ ಬಂದು ಸೌದೆ ಹಸಿಯಾಗಿತ್ತು, ತುಂಬ ಹೊತ್ತು ಹಿಡೀತು. ನಿಂಗೆ ಹೇಳಿರ್ಲಿಲ್ಲ."

ಹೊಂಗೆ ಮರ. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಆ ಮರವನ್ನು ನೋಡಿದ್ದೇನೆ.

"ನಾನು ಬಂದಾಗ ಒಂದ್ಸಲ ಕರ್ಕೊಂಡು ಹೋಗ್ತೀಯಾ?"

ಮತ್ತೆ ಸುಮ್ಮನಾದ. ಹಿಂದೆ ಅಂಗಡಿಗೆ ಯಾರೋ ಬಂದು ಏನೋ ಕೇಳುತ್ತಿದ್ದರು. ಅವರಿಗೆ ತಡೀರಿ ಅಂದ.

"ಬೆಳಿಗ್ಗೆ ಬೇಗ ಹೋಗೋಣ ಅಕ್ಕ" ಅಂದ. "ಜನ ಇರಲ್ಲ."